ಔಟ್‌ಬೋರ್ಡ್ ಎಂಜಿನ್‌ಗೆ ಟೆಂಪರೇಚರ್ ಮೀಟರ್: ಸೆನ್ಸರ್ ಎಲ್ಲಿ ಕೂರಿಸಬೇಕು?

ಪ್ರಶ್ನೆ (ಮಲ್ಪೆ): ಅಣ್ಣ, ನಮ್ಮ ದೋಣಿಯದ್ದು ಎರಡು ಸಿಲಿಂಡರಿನ 40 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್). ಬ್ಯಾಟರಿ ಇದೆ. ಮಳೆಗಾಲದಲ್ಲಿ ಅಳಿವೆ ದಾಟುವಾಗ ಕೆಸರು ನೀರು, ಪ್ಲಾಸ್ಟಿಕ್ ತೊಟ್ಟೆ ಎಲ್ಲ ಸಿಗುತ್ತದೆ. ಎಂಜಿನ್ ಬಿಸಿಯಾದರೆ ಮೊದಲೇ ಗೊತ್ತಾಗಲಿ ಅಂತ ಮೀಟರ್ ಹಾಕಬೇಕೆಂದಿದ್ದೇನೆ. ಕಾರಿನ ಮೀಟರ್ ಆಗುತ್ತದಾ? ಸೆನ್ಸರ್ ಎಲ್ಲಿಗೆ ಹಾಕುವುದು?

ಉತ್ತರ (ಮೆಕ್ಯಾನಿಕ್): ಹಾಕಿ ಮಾರಾಯ್ರೆ, ಒಳ್ಳೆಯದೇ. ಆದರೆ ಸೆನ್ಸರನ್ನು ನೀರಿನ ದಾರಿಯಲ್ಲಿ ಇಡಲೇಬೇಡಿ. ತೊಟ್ಟೆ ಅಡ್ಡ ಬಂತು, ಇಲ್ಲವೇ ಇಂಪೆಲ್ಲರ್ (ಎಂಜಿನ್ ತಣಿಸಲು ಕಡಲ ನೀರು ಎಳೆಯುವ ಪಂಪಿನ ಚಕ್ರ) ಹೋಯಿತು ಅಂತಿಟ್ಟುಕೊಳ್ಳಿ. ಬ್ಲಾಕಿನೊಳಗೆ ನೀರೇ ಬರುವುದಿಲ್ಲ. ಆಗ ನೀರನ್ನು ನಂಬಿದ ಸೆನ್ಸರ್ ಬಿಸಿಯನ್ನು ತಡವಾಗಿ ತೋರಿಸುತ್ತದೆ, ಕೆಲವೊಮ್ಮೆ ಕಡಿಮೆಯೇ ತೋರಿಸುತ್ತದೆ. ಅಷ್ಟರಲ್ಲಿ ಪಿಸ್ಟನ್ ಜಾಮ್ ಆಗಿರುತ್ತದೆ. ಸೆನ್ಸರ್ ಹೆಡ್ಡಿನ (ಸಿಲಿಂಡರಿನ ಮುಚ್ಚಳದ) ಲೋಹಕ್ಕೇ ತಾಗಿರಬೇಕು, ಅದೂ ಮೇಲಿನ ಸಿಲಿಂಡರಿಗೆ. ಹಬೆ, ಗಾಳಿ ಎರಡೂ ಮೇಲೆಯೇ ಸೇರುವುದರಿಂದ ಬಿಸಿ ಮೊದಲು ಏರುವುದು ಅಲ್ಲಿ.

ರಿಂಗ್ ತರಹದ ಸೆನ್ಸರ್ ಸಿಗುತ್ತದೆ. ಥರ್ಮೋಸ್ಟಾಟ್ (ಬಿಸಿಯಾದಾಗ ತಾನೇ ತೆರೆದು ನೀರು ಬಿಡುವ ವಾಲ್ವ್) ಮುಚ್ಚಳದ ಬೋಲ್ಟಿನಂಥ ಸಣ್ಣ ಬೋಲ್ಟಿನ ಅಡಿಗೆ ಕೂರಿಸಿ. ಹೆಡ್ ಬೋಲ್ಟಿನ ಅಡಿಗೆ ಬೇಡ, ಅದರ ಟೈಟ್ ತಪ್ಪಿದರೆ ಗ್ಯಾಸ್ಕೆಟ್ ಹೋಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ಅಡಿಗೂ ಬೇಡ, ಅಲ್ಲಿ ರೀಡಿಂಗ್ ಯಾವಾಗಲೂ ಜಾಸ್ತಿ. ಡ್ರಿಲ್ಲಂತೂ ಹಿಡಿಯಲೇ ಬೇಡಿ. ಹೆಡ್ ಅಲ್ಯೂಮಿನಿಯಂ, ಒಳಗೆ ನೀರಿನ ದಾರಿಯ ಗೋಡೆ ತೆಳು. ಉಪ್ಪು ಹಿಡಿದ ಬೋಲ್ಟ್ ಬಿಚ್ಚುವಾಗ ಸುಲಭದಲ್ಲಿ ತುಂಡಾಗುತ್ತದೆ. ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ, ಹಾಕುವಾಗ ಮೆರೈನ್ ಗ್ರೀಸ್ ಹಚ್ಚಿ.

ಕಾರಿನ ಮೀಟರ್ ಕೆಲಸ ಮಾಡುತ್ತದೆ, ಆದರೆ ಅಂಕೆ ಬೇರೆ ತರಹ ಓದಬೇಕು. ಕಾರಿಗೆ 90 ಡಿಗ್ರಿ ಮಾಮೂಲು. ಔಟ್‌ಬೋರ್ಡಿನ ಥರ್ಮೋಸ್ಟಾಟ್ ಹೆಚ್ಚಾಗಿ 50-60ರ ಆಸುಪಾಸಿನಲ್ಲೇ ತೆರೆಯುತ್ತದೆ. ಕಡಲ ನೀರೇ ಬ್ಲಾಕಿನಲ್ಲಿ ಓಡುತ್ತದಲ್ವಾ? ಅದಕ್ಕಿಂತ ಜಾಸ್ತಿ ಬಿಸಿಯಾದರೆ ಉಪ್ಪು ಒಳಗೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಕಾರಿನ ಮೀಟರಿನಲ್ಲಿ ಮುಳ್ಳು ನಡುವಿಗೆ ಬಂತೆಂದರೆ ನಿಮಗೆ ಆಗಲೇ ಅಪಾಯ. ಮೀಟರ್, ಸೆನ್ಸರ್ ಎರಡನ್ನೂ ಜೋಡಿಯಾಗಿಯೇ ಕೊಳ್ಳಿ. ಕೆಲವು ಮೀಟರ್ ಒಂದು ಓಮ್ (ವಿದ್ಯುತ್ ತಡೆಯ ಅಳತೆ) ಲೆಕ್ಕಕ್ಕೆ ಮಾಡಿದ್ದು, ಕೆಲವು ಬೇರೆ ಲೆಕ್ಕದ್ದು. ಬೆರೆಸಿದರೆ ಮುಳ್ಳು ಸುಳ್ಳು ಹೇಳುತ್ತದೆ.

ವಯರಿಂಗ್ ಕಷ್ಟವಿಲ್ಲ. ಕೀ ಹಾಕಿದಾಗ ಬರುವ 12 ವೋಲ್ಟ್ ಫ್ಯೂಸ್ ಮೂಲಕ, ಒಂದು ಅರ್ತ್, ಒಂದು ಸೆನ್ಸರಿಗೆ. ತವರ ಲೇಪದ ವಯರ್ ತೆಗೆದುಕೊಳ್ಳಿ, ಮಾಮೂಲಿ ತಾಮ್ರ ಉಪ್ಪುಗಾಳಿಗೆ ಹಸಿರು ಹಿಡಿಯುತ್ತದೆ. ಸೆನ್ಸರ್ ವಯರನ್ನು ಅರ್ತಿಗೆ ಮುಟ್ಟಿಸಿದರೆ ಮುಳ್ಳು ಪೂರ್ತಿ ಬಿಸಿಗೆ ಹೋಗಬೇಕು, ತೆಗೆದರೆ ತಣ್ಣಗಿನ ಕಡೆಗೆ. ಹೋದರೆ ಮೀಟರ್ ಸರಿ ಇದೆ.

ಬಿಸಿಯಾದಾಗ ಕೂಗುವ ಕಂಪನಿಯ ಅಲಾರ್ಮ್ ಸ್ವಿಚ್ ಇದ್ದರೆ ಅದನ್ನು ತೆಗೆದು ಆ ಜಾಗಕ್ಕೆ ಸೆನ್ಸರ್ ಹಾಕಬೇಡಿ. ತೆರೆ ಹೊಡೆಯುವಾಗ ಮೀಟರ್ ನೋಡಲು ಯಾರಿಗೆ ಪುರುಸೊತ್ತು? ಆಗ ಕಿವಿಗೆ ಕೇಳುವುದೇ ಬೇಕು.

ಪ್ರಶ್ನೆ (ಗಂಗೊಳ್ಳಿ): ನಮ್ಮದು ಹಗ್ಗ ಎಳೆದು ಸ್ಟಾರ್ಟ್ ಮಾಡುವ ಎಂಜಿನ್, ಬ್ಯಾಟರಿ ಇಲ್ಲ. ಎಂಜಿನ್‌ನಲ್ಲಿ ಲೈಟಿಗೆ ಕರೆಂಟ್ ಕೊಡುವ ಕಾಯಿಲಿನಿಂದ ಮೀಟರಿಗೆ ಕರೆಂಟ್ ಕೊಡಬಹುದಾ?

ಉತ್ತರ: ನೇರವಾಗಿ ಬೇಡ, ಅದು ಎಸಿ. ಮೀಟರಿಗೆ ಬೇಕಾದ್ದು ಡಿಸಿ. ಅದಕ್ಕೆ ರೆಕ್ಟಿಫೈಯರ್-ರೆಗ್ಯುಲೇಟರ್ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವುದು) ಮತ್ತು ಸಣ್ಣ ಬ್ಯಾಟರಿ ಬೇಕು. ಅಷ್ಟು ಖರ್ಚಿನ ಮೊದಲು ಇಂಪೆಲ್ಲರ್ ಬದಲಿಸಿ ಅಂತ ನಾನು ಹೇಳುತ್ತೇನೆ. ಕೆಸರು ನೀರಿನಲ್ಲಿ ಅದು ಬೇಗ ಸವೆಯುತ್ತದೆ. ಎಂಜಿನ್ ಹಿಂದೆ ಚಿಮ್ಮುವ ಸಣ್ಣ ನೀರಿನ ಧಾರೆ ಗಮನಿಸಿ. ಧಾರೆ ನಿಂತರೆ ಕೂಡಲೇ ಆಫ್ ಮಾಡಿ, ಎಂಜಿನ್ ಎತ್ತಿ, ನೀರು ಎಳೆಯುವ ಕೆಳಗಿನ ಜಾಲರಿ ನೋಡಿ. ಬಿಸಿ ಹೆಡ್ಡಿಗೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ಪ್ರಶ್ನೆ (ಮಲ್ಪೆ): ಹಾಕಿದೆ ಅಣ್ಣ. ಫುಲ್ ಸ್ಪೀಡಿಗೆ ಹೋದಾಗ ಮುಳ್ಳು ಕೆಳಗೆ ಇಳಿಯುತ್ತದೆ. ಉಲ್ಟಾ ಅಲ್ವಾ?

ಉತ್ತರ: ಉಲ್ಟಾ ಅಲ್ಲ. ಸುಮಾರು ಎಂಜಿನ್‌ಗಳಲ್ಲಿ ವೇಗ ಏರಿದಾಗ ಪಂಪಿನ ಒತ್ತಡಕ್ಕೆ ಇನ್ನೊಂದು ವಾಲ್ವ್ ತೆರೆದು ನೀರು ಜಾಸ್ತಿ ಓಡುತ್ತದೆ. ಒಂದು ವಾರ ಐಡಲಿನಲ್ಲಿ ಎಷ್ಟು, ಓಟದಲ್ಲಿ ಎಷ್ಟು ಅಂತ ಬರೆದಿಡಿ. ನಿಮ್ಮ ಎಂಜಿನ್‌ಗೆ ಸರಿ ಅಂಕೆ ಅದೇ. ಅದಕ್ಕಿಂತ ಮುಳ್ಳು ಏರತೊಡಗಿದರೆ 90ರವರೆಗೆ ಕಾಯದೆ ಥ್ರಾಟಲ್ ಇಳಿಸಿ.