ಹಸಿರು ಸೀರೆಯ ಮಾತು: ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ನನಗೆ 51 ವರ್ಷ. ಮೈಸೂರಿನಲ್ಲಿದ್ದೇವೆ, ತವರು ಹುನಗುಂದದ ಕಡೆ. 1998ರಲ್ಲಿ ನನ್ನ ಕುಬಸಕ್ಕೆ (ಸೀಮಂತಕ್ಕೆ) ಅವ್ವ ಹಸಿರು ಇಳಕಲ್ ಸೀರೆ ತಂದಿದ್ದಳು. ಗಂಡನ ಅಕ್ಕ ಅದನ್ನು ಹತ್ತು ಜನರ ಮುಂದೆ ಬಿಡಿಸಿ ಹಿಡಿದು, "ಇದು ಉಡೋ ಸೀರೆನಾ, ನೆಲ ಒರೆಸೋ ಬಟ್ಟೆನಾ?" ಅಂದರು. ನನಗೆ ಬೇರೆ ಸೀರೆ ಉಡಿಸಿದರು. ಅವ್ವ ಊಟ ಮಾಡದೆ ರಾತ್ರಿ ಬಸ್ಸು ಹತ್ತಿದಳು. ಅವಳು ಈಗಿಲ್ಲ. ಮುಂದಿನ ತಿಂಗಳು ಆ ಅಕ್ಕನಿಗೆ ಮಂಡಿ ಆಪರೇಷನ್, ಆಮೇಲೆ ಎರಡು ತಿಂಗಳು ನಮ್ಮ ಮನೆಯಲ್ಲೇ ಇರುತ್ತಾರೆ. ಒಪ್ಪಿಕೊಂಡಿದ್ದೇನೆ. ಆದರೆ ಅವರ ಹೆಸರು ಕೇಳಿದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಆ ಸೀರೆ ಇವತ್ತಿಗೂ ಬೀರುವಿನಲ್ಲಿದೆ, ಒಂದು ದಿನವೂ ಉಟ್ಟಿಲ್ಲ. ಏನು ಮಾಡಲಿ?

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ನನಗೆ 68, ಏಕವಚನದಲ್ಲಿ ಬರೆದರೆ ಬೇಸರ ಮಾಡಿಕೊಳ್ಳಬೇಡ. ಹಳೇದನ್ನು ಮರೆತುಬಿಡು ಅಂತ ನಾನು ಹೇಳಲ್ಲ. ನನಗೆ ಎಷ್ಟೋ ಜನ ಹೇಳಿದರು, ಹೇಳಿದಷ್ಟೂ ಜಾಸ್ತಿ ನೆನಪಾಯಿತು.

ನಮ್ಮ ಮನೆಯಲ್ಲಿ ಮಾತಾಡಿದ್ದು ನನ್ನ ನೆಗೆಣ್ಣಿ, ಅಂದರೆ ವಾರಗಿತ್ತಿ. ನನ್ನ ಅಪ್ಪ ನೋಡಲಿಕ್ಕೆ ಬಂದಿದ್ದರು. ಹೊರಗೆ ಕೇಳುವ ಹಾಗೆ ಅಡುಗೆಮನೆಯಿಂದ "ಮತ್ತ ಬಂದ್ರು ನೋಡು, ಉಣ್ಣಾಕ" ಅಂದಳು. ಅಪ್ಪ ಆಗಷ್ಟೇ ಚಹಾ ಬಸಿಗೆ ಹಾಕಿಕೊಂಡಿದ್ದರು. ಅದನ್ನು ಮೆಲ್ಲಗೆ ತಿರುಗಿ ಕಪ್ಪಿಗೆ ಸುರಿದರು, ಒಂದು ಹನಿ ಚೆಲ್ಲದ ಹಾಗೆ, ಆಮೇಲೆ ಕಪ್ಪನ್ನು ಕುರ್ಚಿಯ ಕೆಳಗಿಟ್ಟು ಎದ್ದರು. ಅಪ್ಪನ ಮುಖ ಮಸುಕಾಗಿದೆ ಈಗ. ಆ ಬಸಿ ಮಸುಕಾಗಿಲ್ಲ.

ನಮ್ಮ ಕಡೆ ದಸರೆಗೆ ಬನ್ನಿ ಕೊಡುವುದು ನಿನಗೂ ಗೊತ್ತು. ಮಾತು ಬಿಟ್ಟವರ ಮನೆಗೂ ಅವತ್ತು ಹೋಗುತ್ತೇವೆ, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ಎಲೆ ಕೈಗಿಟ್ಟು ನಮಸ್ಕಾರ ಮಾಡುತ್ತೇವೆ. 22 ದಸರೆ ನಾನು ಆಕೆಗೆ ಬನ್ನಿ ಕೊಟ್ಟೆ. ಕೈ ಕೊಟ್ಟಿತು, ಮನಸ್ಸು ಕೊಡಲಿಲ್ಲ. ಮನೆಗೆ ಬಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ, ಎಂಥ ಕೆಟ್ಟ ಮನಸ್ಸು ನಂದು ಅಂತ.

ಒಂದು ರಾತ್ರಿ ಕರೆಂಟು ಹೋಗಿತ್ತು. ಯಜಮಾನರೂ ನಾನೂ ಹೊರಗೆ ಕಟ್ಟೆ ಮೇಲೆ ಕೂತಿದ್ದೆವು. ಯಾಕೋ ಬಾಯಿಗೆ ಬಂದುಬಿಟ್ಟಿತು, "ಅವತ್ತು ನೀವೂ ಅಲ್ಲೇ ಇದ್ರಿ, ಯಾಕ ಸುಮ್ನಿದ್ರಿ?" ಕೇಳುತ್ತಿದ್ದ ಹಾಗೇ ನನಗೆ ತಿಳಿಯಿತು, ಇಷ್ಟು ವರ್ಷ ನನ್ನ ಸಿಟ್ಟು ಇದ್ದದ್ದು ಆಕೆಯೊಬ್ಬಳ ಮೇಲಲ್ಲ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಾವಾರು ಚಹಾ ಕುಡೀಲಿಲ್ಲ, ನಾ ನೋಡೀನಿ" ಅಂದರು. ನೋಡಿದ್ದರು! ಇಷ್ಟು ವರ್ಷ ಅದನ್ನು ಕಂಡವಳು ನಾನೊಬ್ಬಳೇ ಅಂದುಕೊಂಡಿದ್ದೆ. ಅತ್ತುಬಿಟ್ಟೆ.

ನಿನ್ನ ಪತ್ರದಲ್ಲಿ ಗಂಡ ಏನು ಮಾಡಿದರು ಅನ್ನುವುದೇ ಇಲ್ಲ. ಅವತ್ತು ಅವರು ಎಲ್ಲಿ ನಿಂತಿದ್ದರು? ನಿಮ್ಮವ್ವ ಉಣ್ಣದೆ ಹೋದದ್ದು ಅವರಿಗೆ ಗೊತ್ತಾ? ಅಕ್ಕ ಬರುವ ಮೊದಲು ಅವರನ್ನು ಕೂರಿಸಿಕೊಂಡು ಕೇಳು.
— ನಿವೃತ್ತ ಶಿಕ್ಷಕಿ, ಧಾರವಾಡ

ನಾನು ಆ ಕಡೆಯವಳು. ಮಾತಾಡಿದವಳು. ಹೆಸರು ಹಾಕುವ ಧೈರ್ಯ ಇಲ್ಲ.

ನನ್ನ ತಮ್ಮನ ಹೆಂಡತಿ ಮದುವೆಯಾಗಿ ಬಂದ ಹೊಸತು. ನಮ್ಮ ಮನೆಯಲ್ಲಿ ಹಬ್ಬಕ್ಕೆ ಬಂದವಳು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡಳು. "ತವರಲ್ಲಿ ಇದನ್ನೆಲ್ಲ ನೋಡಿರಲಿಲ್ವಾ?" ಅಂದೆನಂತೆ. ಅಂದೆನಂತೆ ಅಂತ ಯಾಕೆ ಬರೆದೆ ಅಂದರೆ, ನಿಜವಾಗಿಯೂ ನನಗೆ ನೆನಪಿಲ್ಲ. ಅವಳು ಆಮೇಲೂ ಪ್ರತಿ ಹಬ್ಬಕ್ಕೆ ಬರುತ್ತಿದ್ದಳು, ಕೆಲಸ ಮಾಡುತ್ತಿದ್ದಳು, ಕುಂಕುಮ ತಗೊಂಡು ನೀರು ಕುಡಿದು ಹೊರಡುತ್ತಿದ್ದಳು. ಉಪವಾಸ, ಹೊಟ್ಟೆ ಸರಿ ಇಲ್ಲ, ಏನಾದರೊಂದು ಕಾರಣ. 17 ವರ್ಷ ನನ್ನ ಮನೆಯಲ್ಲಿ ಒಂದು ತುತ್ತು ತಿಂದಿಲ್ಲ ಅವಳು, ನನಗೆ ಗೊತ್ತೇ ಆಗಿರಲಿಲ್ಲ! ನನ್ನ ಮಗಳು ಗಮನಿಸಿ ಕೇಳಿದಳು, ಆಗ ಗೊತ್ತಾಯಿತು. ಅವತ್ತು ಎಷ್ಟನೇ ಪಂಕ್ತಿ, ನಾನು ಬಡಿಸುತ್ತಿದ್ದ ತಟ್ಟೆ ಯಾವುದು, ಎದುರಿಗೆ ಕೂತವರು ಯಾರು, ತಮ್ಮನ ಹೆಂಡತಿ ಎಲ್ಲ ಹೇಳಿದಳು.

ಕ್ಷಮೆ ಕೇಳಿದೆ. "ಆಯ್ತು ಅಕ್ಕ" ಅಂದಳು. ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೋದ ವರ್ಷ ಗೌರಿ ಹಬ್ಬಕ್ಕೆ ಬಂದಾಗ ಅರ್ಧ ಲೋಟ ಕಾಫಿ ಕುಡಿದಳು. ಆ ಲೋಟ ತೊಳೆಯುವಾಗ ನನ್ನ ಕೈ ನಡುಗುತ್ತಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ದಯವಿಟ್ಟು ಅವರಿಗೆ ಹೇಳಿ. ಅವರಿಗೆ ಗೊತ್ತಿರಲಿಕ್ಕಿಲ್ಲ. ಆಪರೇಷನ್ ನೋವಿನಲ್ಲಿ ಇರುವಾಗ ಬೇಡ, ಸ್ವಲ್ಪ ಓಡಾಡುವ ಹಾಗಾದ ಮೇಲೆ. "ನಾನು ಹಾಗಂದೇ ಇಲ್ಲ" ಅಂದರೂ ಅನ್ನಬಹುದು, ಅದಕ್ಕೂ ಸಿದ್ಧರಾಗಿರಿ.
— ಓದುಗಳು, ದಾವಣಗೆರೆ

ಮೇಡಂ, ಎರಡೇ ಮಾತು. ಬರುತ್ತಿರುವುದು ನಿಮ್ಮ ಯಜಮಾನರ ಅಕ್ಕ. ಬೆಳಿಗ್ಗೆ ಎಬ್ಬಿಸುವುದು, ವಾಕರ್ ಹಿಡಿಸುವುದು, ಫಿಸಿಯೋಥೆರಪಿ ಮಾಡಿಸುವುದು, ಮೊದಲ ಕೈ ಯಜಮಾನರದ್ದೇ ಆಗಲಿ. ಸ್ನಾನಕ್ಕೆ, ಬಟ್ಟೆಗೆ ಒಬ್ಬ ಹೆಂಗಸನ್ನು ಗೊತ್ತು ಮಾಡಿಕೊಳ್ಳಿ. ಎರಡು ತಿಂಗಳು ಅಂದರೆ ಎರಡೇ ತಿಂಗಳು ಅಂತ ಈಗಲೇ ಮಾತಾಗಿರಲಿ. ಒಳಗೆ ಉರಿಯುತ್ತಿರುವಾಗ ನಗುನಗುತ್ತಾ ಸೇವೆ ಮಾಡಲು ಹೋದರೆ ಹಳೆಯದರ ಮೇಲೆ ಹೊಸದೊಂದು ಸೇರಿಕೊಳ್ಳುತ್ತೆ ಅಷ್ಟೇ.

ಇನ್ನೊಂದು. ಒಂದೇ ದೃಶ್ಯ ದಿನಾ ಮೆಲುಕು ಹಾಕಿ ನಿದ್ದೆ ಕೆಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಾನು ಅಣ್ಣನ ಜೊತೆಗಿನ ಆಸ್ತಿ ಜಗಳದ ಕಾಲದಲ್ಲಿ ಮಾತಾಡಿದ್ದೇನೆ. ಬರೆಯುವುದೂ ನನಗೆ ಉಪಯೋಗಕ್ಕೆ ಬಂತು. ಜೇಮ್ಸ್ ಪೆನ್ನೆಬೇಕರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಪ್ರಯೋಗ ಮಾಡಿದ ಕ್ರಮ ಅದು: ನಾಲ್ಕು ದಿನ, ದಿನಕ್ಕೆ 15 ನಿಮಿಷ, ಯಾರಿಗೂ ತೋರಿಸಲಿಕ್ಕಲ್ಲ, ಮನಸ್ಸಿಗೆ ಬಂದದ್ದೆಲ್ಲ. ಮೊದಲೆರಡು ದಿನ ನೋವು ಜಾಸ್ತಿಯೇ ಆಯಿತು, ಹೆದರಬೇಡಿ.
— ಬೆಂಗಳೂರಿನಿಂದ ಓದುಗರೊಬ್ಬರು

ನಮಸ್ಕಾರ ಅಕ್ಕಾ. ನಾವು ಇಳಕಲ್ಲಿನವರು, ಮನೆಯಲ್ಲಿ ಮಗ್ಗ ಇದೆ. ಎಲ್ಲರೂ ಸಿಟ್ಟಿನ ಬಗ್ಗೆ ಬರೆಯುತ್ತಾರೆ, ನಾನು ಸೀರೆ ಬಗ್ಗೆ ಬರೆಯುತ್ತೇನೆ.

ನಿಮ್ಮವ್ವ ತಂದದ್ದು ಕೈಮಗ್ಗದ್ದಾದರೆ ಅದರ ಸೆರಗು ಬೇರೆ, ಒಡಲು ಬೇರೆ. ಕೆಂಪು ರೇಷ್ಮೆಯಲ್ಲಿ ಬಿಳಿ ತೆನೆ ಎದ್ದಿರುತ್ತಲ್ಲ, ಆ ಟೋಪ ತೆನಿ ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಸಿಕ್ಕಿಸಬೇಕು. ಕೊಂಡಿ ಹಾಕುವುದು ಅನ್ನುತ್ತೇವೆ. ನನ್ನ ಅಮ್ಮ, ದೊಡ್ಡಮ್ಮ ಎದುರುಬದುರು ಕೂತು ಹಾಕುತ್ತಿದ್ದರು, ಕಣ್ಣು ಸೋಲುತ್ತಿತ್ತು. ನಮ್ಮ ಕಡೆ ಕುಬಸಕ್ಕೆ ಮಗಳಿಗೆ ಹಸಿರು ಉಡಿಸಬೇಕು ಅಂತ ತಾಯಿ ಇಷ್ಟು ದೂರ ಹೊತ್ತು ತಂದಳು ಅಂದರೆ ಅವಳು ತಂದದ್ದು ನಮ್ಮ ಸೀಮೆಯಲ್ಲಿ ಇದ್ದುದರಲ್ಲೇ ಒಳ್ಳೆಯದನ್ನು. ಅದು ನಿಮಗೆ ಗೊತ್ತಿದೆ, ಆದರೂ ಇಲ್ಲಿಂದ ಒಬ್ಬರು ಹೇಳಬೇಕು ಅನ್ನಿಸಿತು.

ಈಗ ಕೆಲಸದ ಮಾತು. ಇಷ್ಟು ವರ್ಷ ಅದೇ ಮಡಿಕೆಯಲ್ಲಿ ಇಟ್ಟಿದ್ದರೆ ರೇಷ್ಮೆ ಮಡಿಕೆಯ ಗೆರೆಯಲ್ಲೇ ಬಿರಿಯುತ್ತೆ. ಈ ವಾರವೇ ಹೊರಗೆ ತೆಗೆಯಿರಿ. ನುಸಿಗುಳಿಗೆ ಸೀರೆಗೆ ತಾಗಿಕೊಂಡಿದ್ದರೆ ಬಿಸಾಕಿ. ಬಿಸಿಲಿಗೆ ಬೇಡ, ನೆರಳಲ್ಲಿ ಗಾಳಿಗೆ ಹರಡಿ, ಆಮೇಲೆ ಬೇರೆ ಮಡಿಕೆ ಹಾಕಿ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಸೆರಗು ಈಗಾಗಲೇ ಬಿರಿದಿದ್ದರೆ ಎಳೆಯಬೇಡಿ, ರಫೂ ಮಾಡುವವರಿಗೆ ತೋರಿಸಿ. ಒಡಲು ಹತ್ತಿಯದ್ದಾದರೆ ಇನ್ನೂ ಗಟ್ಟಿ ಇರುತ್ತೆ, ಉಡಬಹುದು.
— ಇಳಕಲ್ಲಿನ ಓದುಗ