ಹೀಟರ್ ಬದಲಿಸಿದರೂ ವಾಷಿಂಗ್ ಮೆಷಿನ್‌ನಲ್ಲಿ ನೀರು ಕಾಯುತ್ತಿಲ್ಲ: ಬೋರ್ಡ್ ಬದಲಿಸಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಏಳು ಕಿಲೋ ಸಾಮರ್ಥ್ಯದ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಇದೆ. ಕೊಂಡು ಆರು ವರ್ಷವಾಯಿತು. ನಾವಿರುವುದು ಬೆಂಗಳೂರಿನ ಹೊರವಲಯದಲ್ಲಿ, ಬಳಸುವುದು ಕೊಳವೆಬಾವಿಯ ಗಡಸು ನೀರು. ಒಂದು ತಿಂಗಳಿಂದ 60 ಡಿಗ್ರಿಗೆ ಇಟ್ಟು ಒಗೆಯಲು ಹಾಕಿದರೂ ನೀರು ಕಾಯುತ್ತಿಲ್ಲ. ಮೊದಲೆಲ್ಲ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬಾಗಿಲಿನ ಗಾಜು ಚೆನ್ನಾಗಿ ಬಿಸಿಯಾಗುತ್ತಿತ್ತು. ಈಗ ಮುಟ್ಟಿದರೆ ನಲ್ಲಿ ನೀರಿನಷ್ಟೇ ತಣ್ಣಗಿರುತ್ತದೆ. ನೀರು ತುಂಬುವುದು, ಡ್ರಮ್ ತಿರುಗುವುದು, ಬಟ್ಟೆ ಹಿಂಡುವುದು ಎಲ್ಲವೂ ಸರಿಯಾಗಿವೆ, ಪರದೆಯ ಮೇಲೆ ದೋಷದ ಸಂಕೇತವೂ ಬರುವುದಿಲ್ಲ. ಉಳಿದ ಸಮಯ ಒಂದು ಗಂಟೆ ನಲವತ್ತು ನಿಮಿಷಕ್ಕೆ ಬಂದು ಬಹಳ ಹೊತ್ತು ಅಲ್ಲಿಯೇ ನಿಂತು, ಆಮೇಲೆ ಯಂತ್ರ ತಣ್ಣೀರಿನಲ್ಲಿಯೇ ಒಗೆದು ಮುಗಿಸುತ್ತದೆ.

ಅಮ್ಮ ಹಾಸಿಗೆ ಹಿಡಿದಿದ್ದಾರೆ. ಅವರ ಹೊದಿಕೆ, ಹಾಸುಬಟ್ಟೆಗಳನ್ನು ಬಿಸಿನೀರಿನಲ್ಲಿಯೇ ಒಗೆಯಬೇಕಾದ್ದರಿಂದ ಇದನ್ನು ಹಾಗೆಯೇ ಬಿಡುವಂತಿಲ್ಲ.

ರಿಪೇರಿಗೆ ಬಂದವರು ಹಳೆಯ ಹೀಟರ್ ಮೇಲೆ ದಪ್ಪಗೆ ಕಟ್ಟಿದ್ದ ಸುಣ್ಣದ ಪದರವನ್ನು ತೋರಿಸಿ, ಇದು ಸುಟ್ಟಿದೆ ಎಂದು ಹೊಸದನ್ನು ಹಾಕಿದರು. ಏನೂ ಬದಲಾಗಲಿಲ್ಲ. ಮತ್ತೆ ಕರೆದಾಗ ಬೋರ್ಡ್ (ಯಂತ್ರವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಹೋಗಿದೆ, ಒಂಬತ್ತು ಸಾವಿರವಾಗುತ್ತದೆ ಎಂದಿದ್ದಾರೆ. ನನ್ನ ಬಳಿ ಮಲ್ಟಿಮೀಟರ್ ಇದೆ, ಬಳಸಲು ಬರುತ್ತದೆ. ಬೋರ್ಡಿಗೆ ಹಣ ಕೊಡುವ ಮೊದಲು ನಾನು ನೋಡಬಹುದಾದದ್ದು ಏನಾದರೂ ಇದೆಯೇ?

ಉತ್ತರ

ದಯವಿಟ್ಟು ಈಗಲೇ ಬೋರ್ಡ್ ಕೊಳ್ಳಬೇಡಿ. ನೀವು ಬರೆದಿರುವುದನ್ನು ನೋಡಿದರೆ ಇದುವರೆಗೆ ಯಾರೂ ಏನನ್ನೂ ಅಳೆದಿಲ್ಲ. ಸುಣ್ಣ ಕಟ್ಟಿದ ಮಾತ್ರಕ್ಕೆ ಹೀಟರ್ ಸುಟ್ಟಿದೆ ಎಂದು ಹೇಳಲಾಗದು. ಪದರವಿದ್ದರೂ ಶಾಖ ನೀರಿಗೆ ಇಳಿಯುತ್ತಲೇ ಇರುತ್ತದೆ. ಆದರೆ ಒಳಗಿನ ತಂತಿ ಮಿತಿಮೀರಿ ಕಾದು, ಬೇಗ ಕಡಿದುಹೋಗುವ ಸಂಭವ ಹೆಚ್ಚುತ್ತದೆ. ಹಳೆಯ ಹೀಟರ್ ನಿಮ್ಮಲ್ಲಿಯೇ ಇದ್ದರೆ ಎಸೆಯದೆ ಇಟ್ಟುಕೊಳ್ಳಿ.

ಮೊದಲ ಪರೀಕ್ಷೆಗೆ ಯಂತ್ರವನ್ನು ಬಿಚ್ಚುವ ಅಗತ್ಯವೂ ಇಲ್ಲ. ಮನೆಯ ವಿದ್ಯುತ್ ಮೀಟರಿನಲ್ಲಿ ಮಿಣುಕುವ ಸಣ್ಣ ಕೆಂಪು ದೀಪವಿರುತ್ತದೆ, ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬುದನ್ನು ಪಕ್ಕದಲ್ಲಿಯೇ ಅಚ್ಚು ಹಾಕಿರುತ್ತಾರೆ. ನಮ್ಮ ಮೀಟರಿನಲ್ಲಿ ಅದು 3200. ಫ್ರಿಜ್, ಫ್ಯಾನು, ಪಂಪು ಎಲ್ಲವನ್ನೂ ಆರಿಸಿ, 60 ಡಿಗ್ರಿಗೆ ಇಟ್ಟು ಯಂತ್ರವನ್ನು ಚಾಲೂ ಮಾಡಿ, ನೀರು ತುಂಬಿ ಹತ್ತು ನಿಮಿಷ ಕಳೆದ ಮೇಲೆ ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್ ಬೇಕಾಯಿತು ಎಂದು ನೋಡಿ. ಎರಡು ಕಿಲೋವ್ಯಾಟ್ ಎಳೆಯುತ್ತಿದ್ದರೆ 3200ರ ಮೀಟರಿನಲ್ಲಿ ಹತ್ತು ಮಿಣುಕು ಆರು ಸೆಕೆಂಡಿನೊಳಗೆ ಮುಗಿಯುತ್ತವೆ. ಮೋಟಾರ್ ಒಂದೇ ಓಡುತ್ತಿದ್ದರೆ ಅರ್ಧ ನಿಮಿಷವೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ. ಹೀಟರಿಗೆ ಕರೆಂಟ್ ಹೋಗುತ್ತಿದೆಯೇ ಇಲ್ಲವೇ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಹೋಗುತ್ತಿಲ್ಲವೆಂದಾದರೆ ಪ್ಲಗ್ಗನ್ನು ಕಿತ್ತು, ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿಯಲೆಂದು ಐದು ಹತ್ತು ನಿಮಿಷ ಬಿಟ್ಟು, ಆಮೇಲೆ ಹಿಂಬದಿಯ ತಗಡನ್ನು ಬಿಚ್ಚಿ. ಕೆಲವು ಮಾದರಿಗಳಲ್ಲಿ ಹೀಟರ್ ಮುಂಭಾಗದಲ್ಲಿರುತ್ತದೆ. ಟಬ್ಬಿನ ಕೆಳಭಾಗದಲ್ಲಿ ರಬ್ಬರ್ ಗ್ಯಾಸ್ಕೆಟ್‌ನ ನಡುವಿನಿಂದ ಎರಡು ಚಪ್ಪಟೆ ಪಿನ್ನುಗಳು ಹೊರಬಂದಿರುವುದೇ ಹೀಟರ್. ಎರಡೂ ತಂತಿಗಳನ್ನು ಬಿಡಿಸಿ ಪಿನ್ನುಗಳ ನಡುವಿನ ಓಮ್ ಅಳೆಯಿರಿ. 230 ವೋಲ್ಟ್, 2000 ವ್ಯಾಟ್‌ನ ಹೀಟರ್ ಆಗಿದ್ದರೆ ಸುಮಾರು 26, 1800 ವ್ಯಾಟ್‌ನದಾಗಿದ್ದರೆ ಸುಮಾರು 29 ಓಮ್ ಬರಬೇಕು. ಒಂದೊಂದು ಪಿನ್ನಿಗೂ ಹೀಟರಿನ ಲೋಹದ ಮೈಗೂ ನಡುವೆ ಸಂಪರ್ಕವೇ ಇಲ್ಲವೆಂದು ತೋರಿಸಬೇಕು. ಮಲ್ಟಿಮೀಟರ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ ಆದ್ದರಿಂದ ಸಣ್ಣ ಕರೆಂಟ್ ಸೋರಿಕೆ ಅದಕ್ಕೆ ಕಾಣದೆ ಹೋಗಬಹುದು. ಯಂತ್ರ ಓಡುವಾಗ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸುರಕ್ಷತಾ ಸ್ವಿಚ್) ಬೀಳುತ್ತಿದ್ದರೆ 500 ವೋಲ್ಟಿನ ಮೆಗ್ಗರ್ (ಹೆಚ್ಚಿನ ವೋಲ್ಟಿನಲ್ಲಿ ಸೋರಿಕೆ ಅಳೆಯುವ ಉಪಕರಣ) ಇರುವವರನ್ನೇ ಕರೆಸಿ.

ಪಕ್ಕದಲ್ಲಿಯೇ ತೆಳು ತಂತಿಗಳಿರುವ ಉಷ್ಣ ಸಂವೇದಕವಿರುತ್ತದೆ. ಅದನ್ನು ಹೊರತೆಗೆದು ಮಲ್ಟಿಮೀಟರಿಗೆ ಜೋಡಿಸಿ ತುದಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಓಮ್ ಒಂದೇ ಸಮನೆ ಇಳಿಯುತ್ತಾ ಹೋಗಬೇಕು.

ಇನ್ನು, ಹೆಚ್ಚಿನವರು ಬಿಟ್ಟುಬಿಡುವ ಅಳತೆಯನ್ನು ಹೇಳುತ್ತೇನೆ. ಹೀಟರಿನ ತಂತಿಗಳನ್ನು ಮತ್ತೆ ಪಿನ್ನುಗಳಿಗೆ ಸಿಕ್ಕಿಸಿ, ಅದೇ ತಂತಿಗಳು ಬೋರ್ಡಿಗೆ ಸೇರುವ ಕಡೆ ಕನೆಕ್ಟರನ್ನು ಕಿತ್ತು, ಅಲ್ಲಿಂದ ಅಳೆಯಿರಿ. ಪಿನ್ನಿನಲ್ಲಿ ಬಂದ ಸಂಖ್ಯೆಯೇ ಅಲ್ಲಿಯೂ ಬಂದರೆ ತಂತಿ, ಜೋಡಣೆ, ಹೀಟರ್ ಮೂರೂ ಸರಿಯಿವೆ ಎಂದರ್ಥ. ಆಗ ಮಾತ್ರ ಬೋರ್ಡಿನ ಹೀಟರ್ ರಿಲೇಯ (ಹೀಟರಿಗೆ ಕರೆಂಟ್ ಕೊಡುವ ಸ್ವಿಚ್ಚಿನ) ಮೇಲೆ, ಅದರ ಬೆಸುಗೆಯ ಮೇಲೆ, ಅಥವಾ ಸಾಕಷ್ಟು ನೀರು ತುಂಬಿದೆ ಎಂದು ಬೋರ್ಡಿಗೆ ತಿಳಿಸುವ ಪ್ರೆಶರ್ ಸ್ವಿಚ್‌ನ ಮೇಲೆ ಸಂಶಯ ಪಡಬೇಕು.

ಇನ್ನೊಬ್ಬರ ಉತ್ತರ

ವೋಲ್ಟೇಜನ್ನೂ ಒಮ್ಮೆ ನೋಡಿಕೊಳ್ಳಿ. ನಮ್ಮದು ತುಮಕೂರು ಕಡೆಯ ಹಳ್ಳಿ, ಸಂಜೆ 180 ವೋಲ್ಟಿಗೆ ಇಳಿಯುವುದುಂಟು. 230ರಲ್ಲಿ 2000 ವ್ಯಾಟ್ ಕೊಡುವ ಹೀಟರ್ 180ರಲ್ಲಿ ಸುಮಾರು 1225 ವ್ಯಾಟ್ ಮಾತ್ರ ಕೊಡುತ್ತದೆ. ಹನ್ನೆರಡು ಲೀಟರ್ ನೀರನ್ನು 24ರಿಂದ 60 ಡಿಗ್ರಿಗೆ ತರಲು ಹದಿನೈದು ನಿಮಿಷ ಸಾಕಾಗುವಲ್ಲಿ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ, ಬಟ್ಟೆ ಮತ್ತು ಡ್ರಮ್ ಹೀರುವ ಶಾಖ ಇದರ ಮೇಲೆ. ಆದರೆ ಇದರಿಂದ ನಿಧಾನವಾಗಬಹುದೇ ಹೊರತು ನೀರು ಪೂರ್ತಿ ತಣ್ಣಗೆ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ನೀವು ಹೇಳಿದ ಕ್ರಮದಲ್ಲಿಯೇ ಎಲ್ಲವನ್ನೂ ಮಾಡಿದೆ. ನಮ್ಮ ಮೀಟರೂ 3200ರದು. ಹತ್ತು ಮಿಣುಕಿಗೆ ಐವತ್ತು ಸೆಕೆಂಡ್ ಹಿಡಿಯಿತು, ಅಂದರೆ ಹೀಟರಿಗೆ ಕರೆಂಟ್ ಹೋಗುತ್ತಲೇ ಇರಲಿಲ್ಲ. ವೋಲ್ಟೇಜ್ 225 ಇದೆ. ಹೊಸ ಹೀಟರ್ 26.6 ಓಮ್ ತೋರಿಸಿತು. ಹಳೆಯದನ್ನು ಗುಜರಿ ಚೀಲದಿಂದ ತೆಗೆದು ಅಳೆದರೆ 27.1. ಅದು ಕೆಟ್ಟೇ ಇರಲಿಲ್ಲ ಎಂದು ತಿಳಿದು ಬಹಳ ಬೇಸರವಾಯಿತು. ಸಂವೇದಕ ಸರಿಯಾಗಿದೆ.

ಬೋರ್ಡಿನ ಕಡೆಯಿಂದ ಅಳೆದಾಗ ಮಲ್ಟಿಮೀಟರ್ ಸಂಪರ್ಕವೇ ಇಲ್ಲವೆಂದು ತೋರಿಸಿತು. ತಂತಿಯನ್ನು ಹಿಡಿದು ಹಿಂದಕ್ಕೆ ಬಂದು, ಹೀಟರಿಗೆ ಸಿಕ್ಕಿಸುವ ತುದಿಯ ಪ್ಲಾಸ್ಟಿಕ್ ತೊಗಟೆಯನ್ನು ಸರಿಸಿದೆ. ಹೊರಗಿನಿಂದ ತುಸು ಹಳದಿಗಟ್ಟಿದ್ದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಳಗೆ ಲೋಹದ ಕ್ಲಿಪ್ಪು ತಂತಿಯನ್ನು ಕಚ್ಚಿ ಹಿಡಿದಿರುವ ಜಾಗದಲ್ಲಿ ತಾಮ್ರ ಕಪ್ಪಗೆ ಸುಟ್ಟು, ಬೆರಳು ತಾಗಿದ ಕೂಡಲೇ ಪುಡಿಯಾಗಿ ಉದುರಿತು. ಅದನ್ನು ನಾನೇ ಸರಿಮಾಡಬಹುದೇ? ಹಾಗೆಯೇ ಬೆಸುಗೆ ಹಾಕಿದರೆ ಸಾಕೇ?

ಉತ್ತರ

ಬೆಸುಗೆ ಬೇಡ. ಈ ಜಾಗದಲ್ಲಿ ಎಂಟು ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಹರಿಯುತ್ತದೆ. ಹಿಡಿತ ತುಸು ಸಡಿಲವಾದರೂ ಅಲ್ಲಿ ಶಾಖ ಹುಟ್ಟುತ್ತದೆ, ಶಾಖದಿಂದ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ, ಬೆಸುಗೆಯಾದರೆ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಹೊಳೆಯುವ ತಾಮ್ರ ಸಿಗುವವರೆಗೆ ತಂತಿಯನ್ನು ಕತ್ತರಿಸಿ, ಪಿನ್ನಿನ ಅಗಲಕ್ಕೆ ಸರಿಹೊಂದುವ ಹೊಸ ಕ್ಲಿಪ್ಪನ್ನು, ಸಾಮಾನ್ಯವಾಗಿ ಅದು 6.3 ಮಿಲಿಮೀಟರಿನದು, ಕ್ರಿಂಪಿಂಗ್ ಇಕ್ಕಳದಿಂದಲೇ ಒತ್ತಿಸಿ. ಇಕ್ಕಳವಿಲ್ಲದಿದ್ದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ. ತಂತಿ ಗಿಡ್ಡವಾಯಿತೆಂದು ಮಾಮೂಲಿ ವೈರನ್ನು ಸೇರಿಸಬೇಡಿ, ಶಾಖ ತಡೆಯುವ ಹೊದಿಕೆಯ ತಂತಿಯೇ ಬೇಕು. ಇನ್ನೊಂದು ತುದಿಯ ತೊಗಟೆಯನ್ನೂ ಸರಿಸಿ ನೋಡಿ.

ಹೀಟರನ್ನು ಈಗಾಗಲೇ ಒಮ್ಮೆ ಬದಲಿಸಿರುವುದರಿಂದ ಇನ್ನೊಂದು ವಿಷಯವನ್ನು ಖಚಿತಪಡಿಸಿಕೊಳ್ಳಲೇಬೇಕು. ಟಬ್ಬಿನ ಒಳಗೆ ಹೀಟರಿನ ತುದಿಯನ್ನು ಹಿಡಿದುಕೊಳ್ಳುವ ಒಂದು ಪಟ್ಟಿ ಇರುತ್ತದೆ. ತುದಿ ಅದರೊಳಗೆ ಹೋಗದಿದ್ದರೆ ಹೀಟರ್ ಮೇಲೆದ್ದು, ತಿರುಗುವ ಡ್ರಮ್ಮಿಗೆ ಉಜ್ಜುತ್ತದೆ. ಡ್ರಮ್ಮನ್ನು ಕೈಯಿಂದ ಒಳಕ್ಕೆ ಒತ್ತಿ ಹಿಡಿದು ಮೆಲ್ಲಗೆ ತಿರುಗಿಸಿ, ಲೋಹ ಕೆರೆಯುವ ಸದ್ದು ಬರುತ್ತದೆಯೇ ಎಂದು ಕಿವಿಗೊಡಿ. ಪ್ಲಗ್ ಹಾಕಿರುವುದು 16 ಆಂಪಿಯರ್‌ನ ಸಾಕೆಟ್‌ಗೇ ಎಂಬುದನ್ನೂ, ಅದರಲ್ಲಿ ಅರ್ತ್ ಇದೆಯೇ ಎಂಬುದನ್ನೂ ನೋಡಿಬಿಡಿ.

ಪ್ರಶ್ನೆ ಕೇಳಿದವರಿಂದ

ಎರಡು ಕ್ಲಿಪ್ಪುಗಳನ್ನೂ ಹೊಸದಾಗಿ ಒತ್ತಿಸಿಕೊಂಡು ಬಂದೆ. ಅಂಗಡಿಯವರು ಅರವತ್ತು ರೂಪಾಯಿ ತೆಗೆದುಕೊಂಡರು. ಬೋರ್ಡಿನ ಕಡೆಯಿಂದ ಈಗ 26.7 ಓಮ್ ಬರುತ್ತಿದೆ. ಡ್ರಮ್ಮಿನಿಂದ ಕೆರೆಯುವ ಸದ್ದಿಲ್ಲ. ಬಟ್ಟೆಯಿಲ್ಲದೆ ನೂರು ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ 60 ಡಿಗ್ರಿಗೆ ಓಡಿಸಿದೆ: ಹತ್ತು ಮಿಣುಕು ಐದೂವರೆ ಸೆಕೆಂಡಿನಲ್ಲಿ ಮುಗಿದವು, ಗಾಜು ಬಿಸಿಯಾಯಿತು, ಗ್ಯಾಸ್ಕೆಟ್ ಸುತ್ತ ಒಂದು ಹನಿಯೂ ಜಿನುಗಲಿಲ್ಲ. ಸಂಜೆ ಅಮ್ಮನ ಹೊದಿಕೆಗಳನ್ನು ಹಾಕಿದ್ದೇನೆ.