ಅಪ್ಪನ ಪಿಎಂ ಕಿಸಾನ್ ದುಡ್ಡು ನಿಂತೋಗಿದೆ, ಯಾರಿಗಾದ್ರೂ ಹಿಂಗಾಗಿತ್ತಾ?

ನಮ್ದು ತುಮಕೂರು ಜಿಲ್ಲೆ, ಅಪ್ಪನ ಹೆಸರಲ್ಲಿ ಎರಡೂವರೆ ಎಕರೆ ಖುಷ್ಕಿ ಇದೆ. ನಾಲ್ಕು ತಿಂಗಳಿಗೊಂದ್ಸಲ 2000 ಬರ್ತಿತ್ತು, ಈಗ ಎರಡು ಕಂತು ಬಂದಿಲ್ಲ. ಬ್ಯಾಂಕಲ್ಲಿ ಕೇಳಿದ್ರೆ ಆಫೀಸಿಗೆ ಹೋಗಿ ಅಂತಾರೆ, ಆಫೀಸಲ್ಲಿ ಬ್ಯಾಂಕಿಗೆ ಹೋಗಿ ಅಂತಾರೆ. ಬಿತ್ತನೆ ಹೊತ್ತಲ್ಲಿ ಗೊಬ್ಬರಕ್ಕೆ ಅದೇ ಆಸರೆ ಆಗಿತ್ತು, ಗೊತ್ತಿರೋರು ಹೇಳಿ.

—

ಅಣ್ಣ, ಮೊದ್ಲು ಎಲ್ಲೂ ಓಡಾಡ್ಬೇಡಿ. ಪಿಎಂ ಕಿಸಾನ್ ಸೈಟಲ್ಲಿ ಅಪ್ಪನ ರಿಜಿಸ್ಟ್ರೇಷನ್ ನಂಬರ್ ಹಾಕಿ ಸ್ಟೇಟಸ್ ತೆಗೀರಿ, ಅದ್ರಲ್ಲಿ ಲ್ಯಾಂಡ್ ಸೀಡಿಂಗ್ (ಜಮೀನು ದಾಖಲೆ ಜೋಡಣೆ), ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಾತ್ರಿ), ಆಧಾರ್ ಬ್ಯಾಂಕ್ ಸೀಡಿಂಗ್ (ಖಾತೆಗೆ ಆಧಾರ್ ಜೋಡಣೆ) ಅಂತ ಮೂರು ಇರುತ್ತೆ, ಮೂರಕ್ಕೂ ಯೆಸ್ ಇರ್ಬೇಕು. ಯಾವ್ದಕ್ಕೆ ನೋ ಇದೆ ಅನ್ನೋದರ ಮೇಲೆ ಎಲ್ಲಿಗೆ ಹೋಗ್ಬೇಕು ಅಂತ ತಿಳಿಯುತ್ತೆ, ಆ ಪ್ರಿಂಟ್ ಕೈಲಿ ಇಟ್ಕೊಂಡು ಹೋದ್ರೆ ಯಾರೂ ಸುಮ್ನೆ ವಾಪಸ್ ಕಳಿಸೋಕಾಗಲ್ಲ. ಬ್ಯಾಂಕ್ ಸೀಡಿಂಗ್ ನೋ ಇದ್ರೆ ಬ್ಯಾಂಕಲ್ಲಿ "ಆಧಾರ್ ಎನ್‌ಪಿಸಿಐ ಮ್ಯಾಪಿಂಗ್ ಮಾಡ್ಕೊಡಿ" ಅಂತ ಅದೇ ಮಾತಲ್ಲಿ ಕೇಳಿ, ಅಂದ್ರೆ ಸರ್ಕಾರದ ದುಡ್ಡು ಈ ಖಾತೆಗೇ ಬೀಳೋ ಹಂಗೆ ಆಧಾರ್ ಜೋಡಿಸೋದು, ಖಾಲಿ ಆಧಾರ್ ಜೆರಾಕ್ಸ್ ಕೊಟ್ಟು ಬಂದ್ರೆ ಸಾಲಲ್ಲ. ಮೂರೂ ಯೆಸ್ ಇದ್ದು ದುಡ್ಡು ಕಾಣ್ತಿಲ್ಲ ಅಂದ್ರೆ ಬೇರೆ ಖಾತೆಗೆ ಬಿದ್ದಿರಬಹುದು. ನಮ್ಮತ್ತೆ ಸಂಘದ ಸಾಲಕ್ಕೆ ಅಂತ ಇನ್ನೊಂದು ಬ್ಯಾಂಕಲ್ಲಿ ಖಾತೆ ತೆಗೆದಾಗ ಆಧಾರ್ ಅಲ್ಲಿಗೆ ಜೋಡಣೆ ಆಗಿತ್ತು, ಆ ಪಾಸ್‌ಬುಕ್ ಎಂಟ್ರಿ ಮಾಡಿಸಿದ್ಮೇಲೆ ನೋಡಿದ್ರೆ ಕಂತೆಲ್ಲಾ ಅಲ್ಲೇ ಇತ್ತು.

—

ನಮ್ಮ ಮಾವನೋರಿಗೆ ಇ-ಕೆವೈಸಿಲೇ ನಿಂತಿತ್ತು. ಜೀವಮಾನ ಪೂರ್ತಿ ಗುದ್ದಲಿ ಹಿಡಿದ ಕೈ, ಬೆರಳ ಗೆರೆ ಸವೆದು ಮಿಷಿನ್ ತಗೊಳ್ತಾನೇ ಇರ್ಲಿಲ್ಲ. 2023ರಿಂದ ಪಿಎಂ ಕಿಸಾನ್ ಆ್ಯಪಲ್ಲಿ ಮುಖ ತೋರಿಸಿ ಮಾಡೋಕೆ ಅವಕಾಶ ಇದೆ, ಹಂಗೆ ಮಾಡಿದ್ವಿ. ಆ್ಯಪ್ ಪ್ಲೇಸ್ಟೋರಿಂದಲೇ ಹಾಕ್ಕೊಳ್ಳಿ, ವಾಟ್ಸಾಪಲ್ಲಿ ಪಿಎಂ ಕಿಸಾನ್ ಅಂತ ಬರೋ ಎಪಿಕೆ ಫೈಲ್ ಮುಟ್ಲೇಬೇಡಿ, ಖಾತೆ ಗುಡಿಸಿ ಹಾಕ್ತಾರೆ.

—

ನಮ್ದು ಗದಗ ಕಡೆ ರೀ. ಲ್ಯಾಂಡ್ ಸೀಡಿಂಗ್ ನೋ ಇದ್ರ ಉತಾರ (ಪಹಣಿ), ಆಧಾರ್, ಪಾಸ್‌ಬುಕ್ ತಗೊಂಡು ರೈತ ಸಂಪರ್ಕ ಕೇಂದ್ರಕ್ಕ ಹೋಗ್ರಿ, ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ನೋಂದಣಿ ತಂತ್ರಾಂಶ) ಒಳಗ ಅಪ್ಪಾರ ಎಫ್‌ಐಡಿಗೆ (ರೈತ ಗುರುತಿನ ನಂಬರಿಗೆ) ಎಲ್ಲಾ ಸರ್ವೆ ನಂಬರ್ ಕೂಡ್ಯಾವಿಲ್ಲೋ ನೋಡಸ್ರಿ. ಇದು ಬರೇ ವರ್ಷದ 6000ದ ಮಾತಲ್ಲ, 2023ರ ಬರ ಪರಿಹಾರದ ಮೊದಲ ಕಂತೂ ಫ್ರೂಟ್ಸ್ ನೋಡೇ ಹಾಕಿದ್ದು, ಹೆಸರು ಕೂಡಿಸದವ್ರು ನಮ್ಮೂರಾಗ ಆವಾಗ ಭಾಳ ಪರದಾಡಿದ್ರು. ಉತಾರದಾಗ ಇನ್ನೂ ಅಜ್ಜನ ಹೆಸರಿದ್ರ ಮೊದಲ ವಾರಸಾ ಮಾಡಸ್ರಿ, ಅಂದ್ರ ನಿಮ್ಮ ಕಡೆ ಪೌತಿ ಖಾತೆ ಅಂತಾರಲ್ಲ ಅದು. 2019ರ ಫೆಬ್ರುವರಿ 1ಕ್ಕ ಹೊಲ ಯಾರ ಹೆಸರಲೆ ಇತ್ತು ಅಂತ ನೋಡ್ತಾರ, ಆಮ್ಯಾಲ ಖರೀದಿ ಮಾಡಿದ್ದಕ್ಕ ತಕರಾರು ಬರ್ತದ, ತೀರಿಕೊಂಡವರಿಂದ ವಾರಸಾಲೆ ಬಂದಿದ್ರ ಅಡ್ಡಿ ಇಲ್ಲ. ಅಷ್ಟಾದರೂ ಬರಲಿಲ್ಲಂದ್ರ ಪಿಎಂ ಕಿಸಾನ್ ಸಹಾಯವಾಣಿ 155261ಕ್ಕ ಫೋನ್ ಹಚ್ರಿ. ಸ್ಟೇಟಸ್‌ದಾಗ ಏನ್ ತೋರಸ್ತು ಅಂತ ಇಲ್ಲೇ ಹಾಕ್ರಿ, ಯಾವುದಕ್ಕ ನೋ ಬಂದದ ನೋಡಿ ಮುಂದಿಂದು ಹೇಳ್ತೀನಿ.